ಆರೋಗ್ಯ ಸಂಜೀವನಿ ಪಾಲಿಸಿ: ಮುರಿದ ಕಾಲಿನ ಖರ್ಚಿನಲ್ಲಿ ಅದು ಹೊತ್ತದ್ದೆಷ್ಟು, ನಮಗೆ ಬಿಟ್ಟದ್ದೆಷ್ಟು

ಕಳೆದ ವರ್ಷದ ಆಷಾಢದಲ್ಲಿ, 2025ರ ಜುಲೈ ತಿಂಗಳ ಒಂದು ಸಂಜೆ, ಹಿತ್ತಿಲಲ್ಲಿ ಒಣಹಾಕಿದ್ದ ಬಟ್ಟೆಯನ್ನು ಮಳೆ ಹನಿಯುವ ಮೊದಲು ಒಳಗೆ ತರಲು ಹೋದ ನನ್ನ ಹೆಂಡತಿ ಹಾವಸೆ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಬಲಗಾಲಿನ ಪಾದ ಹೊರಮುಖವಾಗಿ ತಿರುಗಿತ್ತು, ಕಣಕಾಲು ಊದತೊಡಗಿತ್ತು. ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋದೆವು. ಎಕ್ಸ್-ರೇ ನೋಡಿದ ವೈದ್ಯರು, ಕಣಕಾಲಿನ ಒಳಗಡೆಯ ಮತ್ತು ಹೊರಗಡೆಯ ಎರಡೂ ಮೂಳೆಗಳು ಮುರಿದಿವೆ, ಪ್ಲೇಟು ಮತ್ತು ಸ್ಕ್ರೂ ಹಾಕಿ ಕೂಡಿಸದೆ ಬೇರೆ ದಾರಿಯಿಲ್ಲ ಎಂದರು. ಅವಳು ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಹನ್ನೆರಡು ವರ್ಷಗಳಿಂದ ಹೊಲಿಗೆ ಮಾಡುತ್ತ ಬಂದವಳು, ಮಷಿನ್ನಿನ ಪೆಡಲ್ ತುಳಿಯುವುದು ಅದೇ ಬಲಗಾಲಿನಲ್ಲಿ. ಆ ರಾತ್ರಿ ಅವಳು ನೋವಿಗಿಂತ ಹೆಚ್ಚಾಗಿ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ದುಡ್ಡಾಗುತ್ತದೆ, ಎಷ್ಟು ದಿನ ಆಗುತ್ತದೆ.

ಮೊದಲನೆಯ ಪ್ರಶ್ನೆಗೆ ನಮ್ಮ ಬಳಿ ಇದ್ದ ಉತ್ತರ ಆರೋಗ್ಯ ಸಂಜೀವನಿ ಪಾಲಿಸಿ. ನಾಲ್ಕೂವರೆ ವರ್ಷ ಕಂತು ಕಟ್ಟಿ, ಮೊದಲ ಸಲ ಅದನ್ನು ನಿಜವಾಗಿ ಬಳಸಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಪಾಲಿಸಿಯನ್ನು ಮಾರಿದ ಕಂಪನಿಯ ಹೆಸರನ್ನೂ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಈ ಪಾಲಿಸಿಯ ಸ್ವರೂಪಕ್ಕೆ ಅದರ ಅಗತ್ಯವೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿ, 2020ರ ಏಪ್ರಿಲ್‌ನಿಂದ ಜಾರಿಗೆ ತಂದ ಒಂದೇ ಮಾದರಿಯ ಪಾಲಿಸಿ ಇದು. ಯಾವ ಕಂಪನಿಯಿಂದ ಕೊಂಡರೂ ಹೆಸರೂ ಷರತ್ತುಗಳೂ ಒಂದೇ. ಬದಲಾಗುವುದು ಕಂತಿನ ಮೊತ್ತ, ಜತೆಯಲ್ಲಿರುವ ಆಸ್ಪತ್ರೆಗಳ ಪಟ್ಟಿ ಮತ್ತು ಕ್ಲೇಮ್ ನೋಡಿಕೊಳ್ಳುವವರ ನಡವಳಿಕೆ. ಇವು ಮೂರೂ ಸಣ್ಣ ಸಂಗತಿಗಳಲ್ಲ ಎಂಬುದು ಮುಂದೆ ತಿಳಿಯುತ್ತದೆ.

ನಾವು 2021ರ ಜನವರಿಯಲ್ಲಿ ನಮ್ಮಿಬ್ಬರಿಗೂ ಮಗಳಿಗೂ ಸೇರಿ 3 ಲಕ್ಷ ರೂಪಾಯಿಯ ಕುಟುಂಬ ಪಾಲಿಸಿ ತೆಗೆದುಕೊಂಡೆವು. ಕಂತು ವರ್ಷಕ್ಕೆ ಒಂಬತ್ತು ಸಾವಿರದ ಆಸುಪಾಸು ಬರುತ್ತಿತ್ತು, ಅದರಲ್ಲಿ ಶೇ 18ರ ಜಿಎಸ್‌ಟಿಯೂ ಸೇರಿತ್ತು. ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಇಲ್ಲವಾಗಿದೆ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ಶೇ 5ರಷ್ಟು ಬೋನಸ್ ಸೇರುತ್ತ ಹೋಗುವುದರಿಂದ, ಅವಳು ಬಿದ್ದ ಹೊತ್ತಿಗೆ ನಮ್ಮ ರಕ್ಷಣೆಯ ಮೊತ್ತ 3 ಲಕ್ಷದ 60 ಸಾವಿರ ಆಗಿತ್ತು. ಹೊಸದಾಗಿ ಪಾಲಿಸಿ ಕೊಂಡವರಿಗೆ ಮೊದಲ 30 ದಿನ ಕಾಯಬೇಕೆಂಬ ನಿಯಮವಿದ್ದರೂ ಅಪಘಾತದ ಗಾಯಕ್ಕೆ ಅದು ಅನ್ವಯಿಸುವುದಿಲ್ಲ. ಪಾಲಿಸಿ ಜಾರಿಗೆ ಬಂದ ಮರುದಿನ ಬಿದ್ದರೂ ಚಿಕಿತ್ಸೆಯ ವೆಚ್ಚ ಸಿಗಬೇಕು. ಆದರೆ ಮನೆಯಲ್ಲಿ ಹಿರಿಯರಿರುವವರು ಒಂದನ್ನು ಗಮನಿಸಬೇಕು. ವಯಸ್ಸಿನ ಕಾರಣದಿಂದ ಮೂಳೆ ಟೊಳ್ಳಾಗುವ ಕಾಯಿಲೆ ಈ ಪಾಲಿಸಿಯಲ್ಲಿ ದೀರ್ಘ ಕಾಯುವಿಕೆಯ ಪಟ್ಟಿಯಲ್ಲಿದೆ, ಅಂದರೆ ಕೆಲವು ವರ್ಷ ಕಳೆಯುವವರೆಗೆ ಅದರ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಆದ್ದರಿಂದ ಮುರಿತ ಬಿದ್ದು ಆದದ್ದೇ ಎಂಬುದು ಆಸ್ಪತ್ರೆಯ ಮೊದಲ ದಿನದ ದಾಖಲೆಯಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು.

ದಾಖಲಾದ ರಾತ್ರಿಯೇ ನಮ್ಮ ಮುಂದೆ ಬಂದದ್ದು ಕೋಣೆಯ ಪ್ರಶ್ನೆ. ಕೌಂಟರಿನಲ್ಲಿದ್ದ ಹುಡುಗ, "ಡೀಲಕ್ಸ್ ರೂಮ್ ಖಾಲಿ ಇದೆ ಸಾರ್, ಹೇಗೂ ಇನ್ಶೂರೆನ್ಸ್ ಇದೆಯಲ್ಲ, ಅಲ್ಲಿಗೇ ಹಾಕಲಾ?" ಎಂದ. ಅವನ ಮಾತಿನಲ್ಲಿ ಕಪಟವೇನೂ ಇರಲಿಲ್ಲ, ಹೆಂಡತಿ ನೋವಿನಲ್ಲಿರುವಾಗ ಯಾರಿಗಾದರೂ ಹೂಂ ಎನ್ನಬೇಕೆನಿಸುತ್ತದೆ. ಆ ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ. ಆರೋಗ್ಯ ಸಂಜೀವನಿಯಲ್ಲಿ ಕೋಣೆಗೆ ಸಿಗುವುದು ವಿಮಾ ಮೊತ್ತದ ಶೇ 2, ಅದೂ ದಿನಕ್ಕೆ 5,000 ರೂಪಾಯಿ ಮೀರುವಂತಿಲ್ಲ. ತೀವ್ರ ನಿಗಾ ಘಟಕವಾದರೆ ಶೇ 5, ಗರಿಷ್ಠ 10,000. ಹೆಚ್ಚಿನ ಕೋಣೆ ಹಿಡಿದರೆ ಮೇಲಿನ 2,500 ಮಾತ್ರ ನಮ್ಮ ಕೈಯಿಂದ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ನಿಜವಾಗಿ ನಡೆಯುವುದು ಬೇರೆ. ಮಿತಿ 5,000, ಹಿಡಿದದ್ದು 7,500 ಎಂದಾದರೆ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಆಪರೇಷನ್ ಥಿಯೇಟರ್ ಇಂಥ ವೆಚ್ಚಗಳನ್ನೂ ಅದೇ ಅನುಪಾತದಲ್ಲಿ ಕಡಿದು ಮೂರರಲ್ಲಿ ಎರಡು ಪಾಲನ್ನಷ್ಟೇ ಕೊಡುತ್ತಾರೆ. ಔಷಧ, ಇಂಪ್ಲಾಂಟ್ (ದೇಹದೊಳಗೆ ಕೂಡಿಸುವ ಪ್ಲೇಟು, ಸ್ಕ್ರೂ ಇತ್ಯಾದಿ), ಪರೀಕ್ಷೆಗಳ ವೆಚ್ಚವನ್ನು ಈ ಕಡಿತಕ್ಕೆ ಒಳಪಡಿಸಬಾರದೆಂಬ ನಿಯಮವಿರುವುದು ಸಮಾಧಾನದ ವಿಷಯ. ನಮ್ಮ ಬಿಲ್ಲಿನಲ್ಲಿ ವೈದ್ಯರ ಶುಲ್ಕವೂ ಥಿಯೇಟರ್ ಶುಲ್ಕವೂ ಸೇರಿ 54,000 ಆಗಿತ್ತು. ಡೀಲಕ್ಸ್ ಕೋಣೆ ಹಿಡಿದಿದ್ದರೆ ಅದರಲ್ಲಿ 18,000, ಕೋಣೆಯ ಬಾಡಿಗೆಯಲ್ಲಿ ನಾಲ್ಕು ದಿನಕ್ಕೆ 10,000, ಒಟ್ಟು 28,000 ರೂಪಾಯಿ ನಮ್ಮ ಮೇಲೆ ಬೀಳುತ್ತಿತ್ತು. ಕೋಣೆ ಮೇಲಿನ ದರ್ಜೆಯದಾದಷ್ಟೂ ವೈದ್ಯರ ಶುಲ್ಕವನ್ನೂ ಏರಿಸುವ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿದೆ, ಅದು ಬೇರೆ ಲೆಕ್ಕ. ನಾವು 2,800 ರೂಪಾಯಿಯ, ಇಬ್ಬರು ಹಂಚಿಕೊಳ್ಳುವ ಕೋಣೆಯನ್ನು ಆರಿಸಿಕೊಂಡೆವು. ಪಕ್ಕದ ಹಾಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದರು. ನನ್ನ ಹೆಂಡತಿಗೆ ಆ ನಾಲ್ಕು ದಿನ ಅವರ ಮಾತೇ ದೊಡ್ಡ ಆಸರೆಯಾಯಿತು.

ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿದ್ದುದರಿಂದ ಕ್ಯಾಶ್‌ಲೆಸ್ ಸೌಲಭ್ಯ, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ ವ್ಯವಸ್ಥೆ, ಸಿಕ್ಕಿತು. ತುರ್ತಾಗಿ ದಾಖಲಾದರೆ 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆ ರಾತ್ರಿಯೇ ನಾನು ಫೋನ್ ಮಾಡಿ ದೂರಿನ ಸಂಖ್ಯೆಯಂತೆ ಕೊಡುವ ಸೂಚನೆ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಟಿಪಿಎ ಡೆಸ್ಕಿನವರು ಅರ್ಜಿ ಕಳುಹಿಸಿದ ಒಂದು ಗಂಟೆಗೆ ಸ್ವಲ್ಪ ಮೊದಲೇ 60,000 ರೂಪಾಯಿಗೆ ಮೊದಲ ಒಪ್ಪಿಗೆ ಬಂತು. ಪ್ರಾಧಿಕಾರ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಯ ಮೇಲೆ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು, ನಮ್ಮ ವಿಷಯದಲ್ಲಿ ಅದು ಹಾಗೆಯೇ ನಡೆಯಿತು. ಇದಕ್ಕಾಗಿ ಕಂಪನಿಗೆ ಪೂರ್ಣ ಅಂಕ ಕೊಡುತ್ತೇನೆ. ಕ್ಯಾಶ್‌ಲೆಸ್ ಎಂದ ಮಾತ್ರಕ್ಕೆ ಬರಿಗೈಯಲ್ಲಿ ಹೋಗಬಹುದು ಎಂದಲ್ಲ. ವಿಮೆ ಕೊಡದ ವಸ್ತುಗಳಿಗೆಂದು ಆಸ್ಪತ್ರೆಯವರು 20,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಅಂಥ ಹಣ ರಾತ್ರೋರಾತ್ರಿ ಕೈಯಲ್ಲಿರಬೇಕಾಗುತ್ತದೆ.

ಬಿಡುಗಡೆಯ ದಿನ ಮಾತ್ರ ನಮ್ಮನ್ನು ಬಹಳ ದಣಿಸಿತು. ಬೆಳಿಗ್ಗೆ ಹನ್ನೊಂದಕ್ಕೆ ವೈದ್ಯರು ಮನೆಗೆ ಹೋಗಬಹುದು ಎಂದರು. ಸಂಜೆ ಆರು ನಲವತ್ತಕ್ಕೆ ಅಂತಿಮ ಒಪ್ಪಿಗೆ ಬಂತು. ಅದೇ ಸುತ್ತೋಲೆಯಲ್ಲಿ ಬಿಡುಗಡೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು, ತಡವಾದ ಕಾರಣಕ್ಕೆ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು ಎಂದಿದೆ. ಆದರೆ ಆ ಮೂರು ಗಂಟೆ ಶುರುವಾಗುವುದು ವೈದ್ಯರು ಹೂಂ ಎಂದಾಗ ಅಲ್ಲ, ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದಾಗ. ಬಿಲ್ಲು ಸಿದ್ಧವಾಗಿ, ಡಿಸ್ಚಾರ್ಜ್ ಸಮ್ಮರಿಗೆ ಸಹಿಯಾಗಿ, ಕಾಗದಗಳೆಲ್ಲ ಅಪ್‌ಲೋಡ್ ಆಗುವಾಗ ಮಧ್ಯಾಹ್ನ ಒಂದೂವರೆ. ಮೂರು ಐವತ್ತಕ್ಕೆ ಕಂಪನಿಯಿಂದ ಎರಡು ಆಕ್ಷೇಪಣೆಗಳು ಬಂದವು. ಒಂದು, ಇಂಪ್ಲಾಂಟಿನ ಮೂಲ ಇನ್‌ವಾಯ್ಸ್ ಮತ್ತು ಅದರ ಸ್ಟಿಕ್ಕರ್ ಕಾಣುತ್ತಿಲ್ಲ. ಇನ್ನೊಂದನ್ನು ಓದಿ ನನ್ನ ಕೈ ನಡುಗಿತು: ತುರ್ತು ವಿಭಾಗದ ಟಿಪ್ಪಣಿಯಲ್ಲಿ ಎಡಗಾಲು ಎಂದಿದೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಬಲಗಾಲು ಎಂದಿದೆ, ಸ್ಪಷ್ಟೀಕರಣ ಕೊಡಿ. ಮೊದಲ ರಾತ್ರಿ ಅವಸರದಲ್ಲಿ ಬರೆದ ಒಂದು ಅಕ್ಷರ ಅದು. ಆಪರೇಷನ್ನಿನಲ್ಲಿದ್ದ ವೈದ್ಯರು ಹೊರಬಂದು, ತಿದ್ದುಪಡಿಯ ಪತ್ರ ಬರೆದು ಸಹಿ ಹಾಕಿ, ಮೊಹರು ಒತ್ತಿ ಕಳುಹಿಸುವಾಗ ಐದು ಗಂಟೆ. ಪ್ಲಾಸ್ಟರ್ ಪಟ್ಟಿ ಕಟ್ಟಿದ ಕಾಲನ್ನು ಗಾಲಿಕುರ್ಚಿಯ ಮುಂದಿನ ಸ್ಟೂಲಿನ ಮೇಲಿಟ್ಟುಕೊಂಡು ಅವಳು ಲಾಬಿಯಲ್ಲಿ ಕುಳಿತಿದ್ದಳು, ಏಕೆಂದರೆ ಹಾಸಿಗೆಯನ್ನು ಆಗಲೇ ಬೇರೆ ರೋಗಿಗೆ ಕೊಟ್ಟಾಗಿತ್ತು. ಅದರ ಮೇಲೆ ಅರ್ಧ ದಿನದ ಬಾಡಿಗೆಯನ್ನೂ ಬಿಲ್ಲಿಗೆ ಸೇರಿಸಲು ಹೊರಟಿದ್ದರು. ಸುತ್ತೋಲೆಯ ಆ ಸಾಲನ್ನು ಮೊಬೈಲಿನಲ್ಲಿ ತೋರಿಸಿದ ಮೇಲೆ ಕೈಬಿಟ್ಟರು. ದಾಖಲಾದ ಮರುದಿನವೇ ಕೇಸ್ ಶೀಟಿನಲ್ಲಿ ಯಾವ ಕಾಲು, ಯಾವ ದಿನ, ಎಷ್ಟು ಹೊತ್ತಿಗೆ, ಹೇಗೆ ಬಿದ್ದದ್ದು ಎಂಬ ನಾಲ್ಕು ವಿವರಗಳನ್ನು ಓದಿ ನೋಡಲು ಕೇಳಿದ್ದರೆ ಆ ಮೂರು ತಾಸು ಉಳಿಯುತ್ತಿತ್ತು.

ಈಗ ಲೆಕ್ಕ. ಒಟ್ಟು ಬಿಲ್ಲು 1,25,000 ರೂಪಾಯಿ. ಅದರಲ್ಲಿ ಕೋಣೆಗೆ 11,200, ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ವೈದ್ಯರಿಗೆ 38,000, ಥಿಯೇಟರಿಗೆ 16,000, ಪ್ಲೇಟು ಸ್ಕ್ರೂಗಳಿಗೆ 24,500, ಔಷಧ ಮತ್ತು ಬಳಸಿ ಬಿಸಾಡುವ ಸಾಮಗ್ರಿಗೆ 21,300, ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ರಕ್ತಪರೀಕ್ಷೆಗೆ 9,800, ಇತರೆ ಎಂಬ ಹೆಸರಿನಲ್ಲಿ 4,200. ಇತರೆಯೆಂದರೆ ನೋಂದಣಿ, ಫೈಲು, ಜತೆಗಾರರ ಪಾಸು, ನಡೆಯಲು ಕೊಟ್ಟ ವಾಕರ್. ಈ 4,200 ಪೂರ್ತಿಯಾಗಿಯೂ ಸಾಮಗ್ರಿಯಲ್ಲಿ 3,800 ರೂಪಾಯಿಯೂ ನಾನ್-ಪೇಯಬಲ್, ಅಂದರೆ ವಿಮೆ ಕೊಡದ ವೆಚ್ಚ, ಎಂದು ಹೋದವು. ಉಳಿದ 1,17,000ದಲ್ಲಿ ಶೇ 5 ಸಹಪಾವತಿ, ಅಂದರೆ 5,850 ರೂಪಾಯಿ, ನಮ್ಮ ಪಾಲು. ಕಂಪನಿ ಆಸ್ಪತ್ರೆಗೆ ಕೊಟ್ಟದ್ದು 1,11,150. ನಾವು ಕೊಟ್ಟದ್ದು 13,850, ಮುಂಗಡದಲ್ಲಿ 6,150 ವಾಪಸು ಬಂತು.

ನನ್ನ ದೃಷ್ಟಿಯಲ್ಲಿ ಶೇ 5ರ ಸಹಪಾವತಿ ಅನ್ಯಾಯದ್ದಲ್ಲ. ಅದು ಪಾಲಿಸಿಯ ಮೊದಲ ಪುಟದಲ್ಲಿಯೇ ಇದೆ, ಎಲ್ಲ ಕ್ಲೇಮಿಗೂ ಎಲ್ಲ ವಯಸ್ಸಿನವರಿಗೂ ಒಂದೇ, ಕಂತು ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಆದರೆ ವಾಕರನ್ನು ಹೊರಗಿಟ್ಟದ್ದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ನಡೆಯಲು ನೆರವಾಗುವ ಸಾಧನಗಳು, ಮೊಣಕಾಲನ್ನು ಅಲುಗದಂತೆ ಹಿಡಿದಿಡುವ ಪಟ್ಟಿ, ಕುತ್ತಿಗೆ ಕಾಲರ್, ಸ್ಪ್ಲಿಂಟ್ ಇವೆಲ್ಲ ಪ್ರಾಧಿಕಾರದ ಪಟ್ಟಿಯಲ್ಲಿ ಕೊಡದಿರಬಹುದಾದ ವಸ್ತುಗಳು. ಇದು ಒಂದು ಕಂಪನಿಯ ಜಿಪುಣತನವಲ್ಲ, ನಿಯಮವೇ ಹಾಗಿದೆ. ಕಾಲು ಮುರಿದವರಿಗೆ ಆರು ವಾರ ಕಾಲೂರಬೇಡಿ ಎಂದು ವೈದ್ಯರೇ ಬರೆದುಕೊಟ್ಟ ಮೇಲೆ ವಾಕರ್ ಐಚ್ಛಿಕ ಹೇಗಾಗುತ್ತದೆ? ಗಾಯಗಳ ಮಟ್ಟಿಗಾದರೂ ಈ ಪಟ್ಟಿಯನ್ನು ತಿದ್ದಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂದ ಹಾಗೆ, ವಾಕರನ್ನು ಆಸ್ಪತ್ರೆಯಲ್ಲಿ 1,900 ರೂಪಾಯಿಗೆ ಕೊಂಡೆವು. ಹೊರಗಿನ ಸರ್ಜಿಕಲ್ ಅಂಗಡಿಯಲ್ಲಿ ಅದೇ ಬಗೆಯದು ಅರ್ಧ ಬೆಲೆಗೆ ಸಿಗುತ್ತದೆ ಎಂದು ಆಮೇಲೆ ಗೊತ್ತಾಯಿತು. ವಿಮೆ ಕೊಡದ ವಸ್ತುವನ್ನು ಆಸ್ಪತ್ರೆಯಲ್ಲಿಯೇ ಕೊಳ್ಳುವ ಕಾರಣವಿಲ್ಲ.

ಬಿಡುಗಡೆಯಾದ ಮೇಲಿನ 60 ದಿನಗಳ ಚಿಕಿತ್ಸೆಯ ವೆಚ್ಚವನ್ನೂ, ದಾಖಲಾಗುವ ಹಿಂದಿನ 30 ದಿನಗಳದ್ದನ್ನೂ ಈ ಪಾಲಿಸಿ ಕೊಡುತ್ತದೆ. ಜನ ಕೇಳಲು ಮರೆಯುವ ಸೌಲಭ್ಯ ಇದು. ಆಸ್ಪತ್ರೆಯ ಬಿಲ್ಲು ತೀರಿದ ಕೂಡಲೇ ಕ್ಲೇಮ್ ಮುಗಿಯಿತೆಂದು ಫೈಲನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಆದರೆ ಮೂಳೆ ಮುರಿತಕ್ಕೆ ಈ 60 ದಿನ ಹೇಗೆ ಸಾಲದು ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಮೊದಲ ಆರು ವಾರ ಕಾಲನ್ನು ನೆಲಕ್ಕೂರುವಂತಿಲ್ಲ, ಆ ಅವಧಿಯಲ್ಲಿ ಖರ್ಚಾಗುವುದು ಡ್ರೆಸ್ಸಿಂಗಿಗೆ, ಮಾತ್ರೆಗೆ, ಒಂದೆರಡು ಎಕ್ಸ್-ರೇಗೆ. ಫಿಸಿಯೋಥೆರಪಿ ಶುರುವಾಗುವುದೇ ಏಳನೆಯ ವಾರದಲ್ಲಿ. ಆಗ ಪಾಲಿಸಿಯ ಗಡುವಿನಲ್ಲಿ ಉಳಿದಿರುವುದು ಎರಡೂವರೆ ವಾರ. ನಮ್ಮ ಮನೆಯಲ್ಲಿ 27 ಸಲ ಫಿಸಿಯೋಥೆರಪಿ ಬೇಕಾಯಿತು, ಒಂದು ಸಲಕ್ಕೆ 400 ರೂಪಾಯಿ. ಗಡುವಿನೊಳಗೆ ಮುಗಿದದ್ದು 15. ಉಳಿದ 12ರ 4,800 ರೂಪಾಯಿ ನಮ್ಮದೇ.

ಆ 60 ದಿನದ ಒಟ್ಟು ಬಿಲ್ಲು 9,740 ರೂಪಾಯಿ: ಫಿಸಿಯೋಥೆರಪಿಗೆ 6,000, ವೈದ್ಯರ ಭೇಟಿ ಮೂರು ಸಲಕ್ಕೆ 1,200, ಎರಡು ಎಕ್ಸ್-ರೇಗೆ 900, ಔಷಧಕ್ಕೆ 1,640. ಔಷಧದ ಲೆಕ್ಕ ಇಷ್ಟು ಕಡಿಮೆಯಾದದ್ದು ಜನೌಷಧಿ ಕೇಂದ್ರದಿಂದ. ಆಸ್ಪತ್ರೆಯ ಅಂಗಡಿಯಲ್ಲಿ ಮೊದಲ ವಾರಕ್ಕೆ ಕೊಂಡ ಕ್ಯಾಲ್ಸಿಯಂ, ನೋವಿನ ಮಾತ್ರೆ, ಹೊಟ್ಟೆಯ ಉರಿಗೆ ಕೊಡುವ ಪ್ಯಾಂಟೊಪ್ರಜೋಲ್ ಇವುಗಳನ್ನು ಎರಡನೆಯ ವಾರದಿಂದ ಅಲ್ಲಿ ತರತೊಡಗಿದೆವು. ಚೀಟಿಯಲ್ಲಿ ಕಂಪನಿಯ ಹೆಸರಿನ ಜತೆಗೆ ಔಷಧದ ಮೂಲ ಹೆಸರನ್ನೂ ಬರೆದುಕೊಡಿ ಎಂದು ವೈದ್ಯರನ್ನು ಕೇಳಿಕೊಂಡೆ, ಅವರು ಸಂತೋಷದಿಂದ ಬರೆದರು. ಜನೌಷಧಿ ಕೇಂದ್ರದ ಕಂಪ್ಯೂಟರ್ ಬಿಲ್ಲನ್ನು ವಿಮಾ ಕಂಪನಿ ಯಾವ ತಕರಾರೂ ಇಲ್ಲದೆ ಒಪ್ಪಿತು.

ತಕರಾರು ಬಂದದ್ದು ಫಿಸಿಯೋಥೆರಪಿಗೆ. ಚಿಕಿತ್ಸೆಯ ಅವಧಿ ಮುಗಿದ 15 ದಿನದೊಳಗೆ ಎಲ್ಲ ಬಿಲ್ಲುಗಳನ್ನೂ ಸಲ್ಲಿಸಿದೆ. 3,740 ರೂಪಾಯಿಯ ಬಿಲ್ಲುಗಳನ್ನು ಒಪ್ಪಿ, ಶೇ 5 ಕಳೆದು 3,553 ರೂಪಾಯಿ ಖಾತೆಗೆ ಹಾಕಿದರು. 6,000 ರೂಪಾಯಿಯ ಫಿಸಿಯೋಥೆರಪಿ ಬಿಲ್ಲುಗಳನ್ನು, ವೈದ್ಯರ ಲಿಖಿತ ಸಲಹೆ ಇಲ್ಲವೆಂದು ತಿರಸ್ಕರಿಸಿದರು. ಸಲಹೆ ಇತ್ತು. ಆದರೆ ಅದು ಡಿಸ್ಚಾರ್ಜ್ ಸಮ್ಮರಿಯಲ್ಲಿರಲಿಲ್ಲ, ಆರನೆಯ ವಾರದ ಭೇಟಿಯ ಚೀಟಿಯ ಹಿಂಬದಿಯಲ್ಲಿ ಇತ್ತು, ನಾನು ಮುಂಬದಿಯನ್ನಷ್ಟೇ ಸ್ಕ್ಯಾನ್ ಮಾಡಿ ಕಳುಹಿಸಿದ್ದೆ. ಆ ಮಟ್ಟಿಗೆ ತಪ್ಪು ನನ್ನದು. ಆದರೆ ಒಂದು ಸಾಲಿನ ಪ್ರಶ್ನೆ ಕೇಳದೆ ನೇರವಾಗಿ ತಿರಸ್ಕರಿಸಿದ್ದು, ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಿದರೂ ನಾಲ್ವರು ನಾಲ್ಕು ಉತ್ತರ ಹೇಳಿದ್ದು ಕಂಪನಿಯ ತಪ್ಪು. ಕೊನೆಗೆ ಫೋನ್ ಬಿಟ್ಟು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದು ಪುಟದ ಇ-ಮೇಲ್ ಬರೆದೆ. ವೈದ್ಯರಿಂದ ಹೊಸದಾಗಿ ಒಂದು ಪತ್ರ ಪಡೆದು, ಚೀಟಿಯ ಎರಡೂ ಬದಿಯನ್ನು ಲಗತ್ತಿಸಿ, ಪಾಲಿಸಿಯ ಯಾವ ಕಲಮಿನಡಿ ಇದು ಸಲ್ಲುತ್ತದೆಂದು ಉಲ್ಲೇಖಿಸಿದೆ. ಹನ್ನೊಂದನೆಯ ದಿನ 5,700 ರೂಪಾಯಿ ಬಂತು.

ಅಲ್ಲಿಯೂ ಬಗೆಹರಿಯದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, ಅದರಾಚೆಗೆ ಗ್ರಾಹಕರ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಅವರು ನೋಡುತ್ತಾರೆ. ಮೊದಲು ಕಂಪನಿಗೇ ಬರೆದು 30 ದಿನ ಕಾದಿರಬೇಕು ಅಥವಾ ಒಪ್ಪಲಾಗದ ಉತ್ತರ ಬಂದಿರಬೇಕು, ಅದಾದ ಒಂದು ವರ್ಷದೊಳಗೆ ದೂರು ಕೊಡಬೇಕು. ಫೋನಿನಲ್ಲಿ ಆಡಿದ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮೊದಲಿನಿಂದಲೂ ಬರವಣಿಗೆಯಲ್ಲಿಯೇ ವ್ಯವಹರಿಸುವುದು ಲೇಸು.

ಈ ಪಾಲಿಸಿ ಎಲ್ಲರಿಗೂ ಬೇಕೇ ಎಂದು ಕೇಳಿದರೆ, ಮೊದಲು ಸರ್ಕಾರದ ಯೋಜನೆಗಳಲ್ಲಿ ನಿಮಗೇನು ಸಲ್ಲುತ್ತದೆ ನೋಡಿ ಎನ್ನುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಮ್ಮಂಥ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿಯೂ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿಯೂ ಮೂಳೆ ಚಿಕಿತ್ಸೆಯ ವಿಭಾಗಗಳಿವೆ, ಖಾಸಗಿ ಆಸ್ಪತ್ರೆಯ ಬಾಗಿಲು ತಟ್ಟುವ ಮೊದಲು ಅವುಗಳನ್ನು ನೆನೆಯಬೇಕು. ಗಾಯ ರಸ್ತೆ ಅಪಘಾತದಿಂದ ಆಗಿದ್ದರೆ ದಾರಿಯೇ ಬೇರೆ: 2025ರ ಮೇ 5ರಂದು ಅಧಿಸೂಚನೆಯಾದ ಕೇಂದ್ರದ ಯೋಜನೆಯಂತೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ದೊರೆಯಬೇಕು. ಹಿತ್ತಿಲಲ್ಲಿ ಜಾರಿ ಬಿದ್ದವರಿಗೆ ಅದು ಸಲ್ಲುವುದಿಲ್ಲ.

ಹೀಗೆ ಎಲ್ಲವನ್ನೂ ಕೂಡಿಸಿದರೆ ಕಂಪನಿ ಕೊಟ್ಟದ್ದು 1,20,403 ರೂಪಾಯಿ. ನಮ್ಮ ಕೈಯಿಂದ ಹೋದದ್ದು, ಆಸ್ಪತ್ರೆಯ ಪಾಲು, ಗಡುವು ಮೀರಿದ ಫಿಸಿಯೋಥೆರಪಿ, ಕಮೋಡ್ ಕುರ್ಚಿ, ಆಟೋ ಬಾಡಿಗೆ ಎಲ್ಲ ಸೇರಿ ಹತ್ತಿರಹತ್ತಿರ 25,000. ನಾಲ್ಕೂವರೆ ವರ್ಷದಲ್ಲಿ ಐದು ಕಂತು ಕಟ್ಟಿದ್ದವರಿಗೆ ಇದು ಒಳ್ಳೆಯ ಸೇವೆಯೇ ಸರಿ. ಸಾಲ ಮಾಡದೆ, ಚಿನ್ನ ಅಡವಿಡದೆ ಶಸ್ತ್ರಚಿಕಿತ್ಸೆ ಮುಗಿಯಿತು. ಮಧ್ಯಮ ವರ್ಗದ ಕುಟುಂಬಕ್ಕೆ, ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳ ದರಕ್ಕೆ, ಆರೋಗ್ಯ ಸಂಜೀವನಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ 5,000 ರೂಪಾಯಿಯ ಕೋಣೆಯ ಮಿತಿ ಕಷ್ಟಕ್ಕೆ ತರಬಹುದು, ಅಲ್ಲಿರುವವರು ಬಾಡಿಗೆಯ ಮಿತಿಯಿಲ್ಲದ ಪಾಲಿಸಿ ನೋಡುವುದು ವಾಸಿ.

ಅವಳ ಎರಡನೆಯ ಪ್ರಶ್ನೆಗೆ, ಎಷ್ಟು ದಿನ ಎಂಬುದಕ್ಕೆ, ಈ ಪಾಲಿಸಿಯಲ್ಲಿ ಉತ್ತರವಿಲ್ಲ. ಹೊಲಿಗೆಯವರಿಗೆ ಶ್ರಾವಣದಿಂದ ದಸರಾವರೆಗಿನ ದಿನಗಳೇ ವರ್ಷದ ಸುಗ್ಗಿ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಒಪ್ಪಿಕೊಂಡಿದ್ದ ಇಪ್ಪತ್ಮೂರು ರವಿಕೆ ಬಟ್ಟೆಗಳನ್ನು, ಒಂದೊಂದರಲ್ಲೂ ಅಳತೆಯ ಚೀಟಿಯನ್ನು ಹಾಗೆಯೇ ಪಿನ್ನು ಮಾಡಿಟ್ಟು, ಮಗಳು ಮನೆಮನೆಗೆ ಹೋಗಿ ವಾಪಸು ಕೊಟ್ಟು ಬಂದಳು. ಗೌರಿ ಹಬ್ಬವೂ ಹೋಯಿತು, ದಸರೆಯೂ ಹೋಯಿತು. ಅವಳು ಮತ್ತೆ ಮಷಿನ್ನಿನ ಮುಂದೆ ಕೂತದ್ದು ಹದಿನಾಲ್ಕು ವಾರಗಳ ಮೇಲೆ. ತಿಂಗಳಿಗೆ ಹದಿನಾಲ್ಕು ಹದಿನೈದು ಸಾವಿರದಂತೆ ಹಿಡಿದರೂ ಹೋದ ಸಂಪಾದನೆ 50,000 ರೂಪಾಯಿಯ ಹತ್ತಿರ, ಚಿಕಿತ್ಸೆಗೆ ನಾವು ಕೈಯಿಂದ ಹಾಕಿದ್ದರ ಎರಡರಷ್ಟು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದು ಕೆಲವರು ಹೇಳಿದರು. ಅದು ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ಮಾತ್ರ ಹಣ ಕೊಡುತ್ತದೆ, ವಾಸಿಯಾಗುವ ಮುರಿತಕ್ಕೆ ಅದರಲ್ಲಿ ಏನೂ ಸಿಗುವುದಿಲ್ಲ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು ವೈಯಕ್ತಿಕ ಅಪಘಾತ ಪಾಲಿಸಿ. ಅದರಲ್ಲಿಯೂ ಪ್ರಾಧಿಕಾರದ ಒಂದೇ ಮಾದರಿಯ ಪಾಲಿಸಿ ಇದೆ, ಹೆಸರು ಸರಳ ಸುರಕ್ಷಾ ಬಿಮಾ, 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳಲ್ಲೂ ಸಿಗುತ್ತದೆ. ತಾತ್ಕಾಲಿಕವಾಗಿ ಕೆಲಸ ಮಾಡಲಾಗದ ಅವಧಿಗೆ ವಾರಕ್ಕೆ ವಿಮಾ ಮೊತ್ತದ ಶೇ 0.2ರಂತೆ ಕೊಡುವ ಐಚ್ಛಿಕ ಭಾಗವನ್ನು ಅದರ ಜತೆ ಸೇರಿಸಿಕೊಳ್ಳಬಹುದು. 10 ಲಕ್ಷದ ಪಾಲಿಸಿ ಇದ್ದಿದ್ದರೆ ವಾರಕ್ಕೆ 2,000, ಹದಿನಾಲ್ಕು ವಾರಕ್ಕೆ 28,000 ಬರುತ್ತಿತ್ತು. ದಿನಗೂಲಿಯವರು, ಚಾಲಕರು, ಅಡುಗೆಯವರು, ಹೊಲಿಗೆಯವರು, ರಜೆಯ ಸಂಬಳ ಎಂಬುದೇ ಇಲ್ಲದ ಎಲ್ಲರೂ ಆರೋಗ್ಯ ಪಾಲಿಸಿ ಕೊಳ್ಳುವ ದಿನವೇ ಇದನ್ನೂ ವಿಚಾರಿಸಬೇಕು.

ಈ ಜನವರಿಯಲ್ಲಿ ಆರೋಗ್ಯ ಸಂಜೀವನಿಯನ್ನು ನವೀಕರಿಸುವಾಗ ಮೊತ್ತವನ್ನು 5 ಲಕ್ಷಕ್ಕೆ ಏರಿಸಿದೆವು. ಕ್ಲೇಮ್ ಮಾಡಿದ್ದರಿಂದ ಬೋನಸ್ ಶೇ 20ರಿಂದ 15ಕ್ಕೆ ಇಳಿದಿದೆ, ಏರಿಸಿದ ಭಾಗಕ್ಕೆ ಕಾಯುವಿಕೆಯ ಅವಧಿ ಹೊಸದಾಗಿ ಶುರುವಾಗಿದೆ. ಪ್ಲೇಟು ತೊಂದರೆ ಕೊಟ್ಟರೆ ಒಂದೂವರೆ ವರ್ಷದ ಮೇಲೆ ತೆಗೆಯೋಣ ಎಂದು ವೈದ್ಯರು ಹೇಳಿರುವುದರಿಂದ ಇಂಪ್ಲಾಂಟಿನ ಸ್ಟಿಕ್ಕರ್, ಆಪರೇಷನ್ ಟಿಪ್ಪಣಿ, ತಿದ್ದುಪಡಿಯ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟಿದ್ದೇವೆ. ಅದೇ ವಾರ ಸರಳ ಸುರಕ್ಷಾ ಬಿಮಾದ ಅರ್ಜಿಯನ್ನೂ ತುಂಬಿದೆವು. ಉದ್ಯೋಗ ಎಂಬ ಕಾಲಮಿನಲ್ಲಿ ಏಜೆಂಟರು ಗೃಹಿಣಿ ಎಂದು ಬರೆಯಹೊರಟಾಗ ಅವಳೇ ಪೆನ್ನು ತೆಗೆದುಕೊಂಡು, ಹೊಲಿಗೆ, ಸ್ವಂತ ದುಡಿಮೆ, ಎಂದು ಬರೆದಳು.